ಯೆಹೂದ್ಯರ ನೀತಿಗ್ರಂಥವೂ ಅದರ ಪಾರಾಯಣಕಾಲವೂ

ಗ್ರಂಥಪಾರಾಯಣಕ್ಕೆ ಕಾಲನಿಯಮವನ್ನು ವಿಧಿಸುವುದು ನಮ್ಮ ದೇಶದಲ್ಲಿ ಬಹು ಹಳೆಯ ಸಂಪ್ರದಾಯ. ಶ್ರಾವಣಮಾಸದಲ್ಲಿ ಉಪಾಕರ್ಮವನ್ನು ಮಾಡಿ ವೇದಾಧ್ಯಯನವನ್ನು ಆರಂಭಿಸಬೇಕೆಂದೂ, ನಾಲ್ಕೂವರೆ ತಿಂಗಳು ಓದಿದಮೇಲೆ ಪುಷ್ಯಮಾಸದಲ್ಲಿ ಉತ್ಸರ್ಜನವನ್ನು ಮಾಡಬೇಕೆಂದೂ ಮನುಸ್ಮೃತಿ ಹೇಳುತ್ತದೆ. ಜೈನಮುನಿಗಳ ಚಾತುರ್ಮಾಸ್ಯವೂ ಬೌದ್ಧಭಿಕ್ಷುಗಳ ವರ್ಷಾವಾಸವೂ ಮಳೆಗಾಲವನ್ನು ಅಧ್ಯಯನಕ್ಕೂ ಉಪದೇಶಕ್ಕೂ ಮೀಸಲಾಗಿಟ್ಟ ಏರ್ಪಾಡುಗಳೇ. ಇನ್ನು ಕೋಲಾರದ ಸೀಮೆಯನ್ನು ತೆಗೆದುಕೊಂಡರೆ, ಮಾಲೂರು ತಾಲ್ಲೂಕಿನ ಲಕ್ಕೂರಿನಂಥ ಊರುಗಳಲ್ಲಿ ರಾಗಿಯ ಕಣಗೆಲಸ ಮುಗಿದು ಮುಂಗಾರು ಮೊದಲಾಗುವವರೆಗಿನ ಬಿಡುವು ರಾಮನವಮಿಯ ಪಾನಕ ಕೋಸಂಬರಿಗಳಿಗೂ ರಾಮಾಯಣದ ಪಾರಾಯಣಕ್ಕೂ ಹರಿಕಥೆಗೂ ಒದಗುವ ಕಾಲ. ಶ್ರಾವಣ ಬಂದಿತೆಂದರೆ ಪುರಾಣಶ್ರವಣದ ಕಾಲ. ಗ್ರಂಥವೊಂದು ಮನೆಯಲ್ಲಿದ್ದರೆ ಸಾಲದು, ಅದನ್ನು ತೆರೆಯಲು ಒಂದು ದಿನವೂ ಗೊತ್ತಾಗಿರಬೇಕು ಎಂಬ ತಿಳಿವಳಿಕೆ ಈ ಏರ್ಪಾಡುಗಳೆಲ್ಲಕ್ಕೂ ಮೂಲ.

ಇದೇ ತಿಳಿವಳಿಕೆ ಪಶ್ಚಿಮದೇಶದ ಅತಿ ಪ್ರಾಚೀನ ಜನಾಂಗಗಳಲ್ಲಿ ಒಂದಾದ ಯೆಹೂದ್ಯರಲ್ಲಿಯೂ ಉಂಟು. ವಸಂತದಲ್ಲಿ ಆರಂಭಿಸಿ ಬೇಸಗೆಯ ತಿಂಗಳುಗಳಲ್ಲಿ ಅವರು ಪ್ರತಿವರ್ಷವೂ ತಪ್ಪದೆ ಓದುವ ನೀತಿಗ್ರಂಥವೊಂದಿದೆ. ಇಬ್ರಿಯ ಭಾಷೆಯಲ್ಲಿ ಅದರ ಹೆಸರು ಪಿರ್ಕೇ ಆವೋತ್. ‘ಪಿರ್ಕೇ’ ಎಂದರೆ ಅಧ್ಯಾಯಗಳು. ‘ಆವೋತ್’ ಎಂದರೆ ಪಿತೃಗಳು. ಪಿತೃಗಳ ಅಧ್ಯಾಯಗಳು ಎಂದು ಇದನ್ನು ಕನ್ನಡಿಸಬಹುದು. ಮೋಶೆ, ಯೆಹೋಶುವ, ಸೀನಾಯಿ ಮೊದಲಾದ ಹೆಸರುಗಳು ೧೮೩೧ರಲ್ಲಿ ಬಳ್ಳಾರಿಯ ಪಾದ್ರಿಗಳ ಪ್ರಯತ್ನದಿಂದ ಕನ್ನಡದ ಬೈಬಲ್ಲು ಸಂಪೂರ್ಣವಾದಂದಿನಿಂದ ಕನ್ನಡಿಗರಿಗೆ ಅಪರಿಚಿತವಲ್ಲ. ಆದರೆ ಪಿರ್ಕೇ ಆವೋತ್ ಬೈಬಲ್ಲಿಗೆ ಸೇರಿದುದಲ್ಲ; ಅದಕ್ಕೆ ಈಚಿನದು. ಶ್ರುತಿಗೆ ಸ್ಮೃತಿಯಿರುವಂತೆ ಯೆಹೂದ್ಯರ ಲಿಖಿತಶಾಸ್ತ್ರವಾದ ತೋರಾಕ್ಕೆ ಬಾಯಿಪಾಠವಾಗಿ ಬಂದ ಶಾಸ್ತ್ರವೊಂದಿದೆ. ಅದನ್ನು ಯೆಹೂದ ಹನ್ನಾಸಿಯೆಂಬ ಆಚಾರ್ಯನು ಕ್ರಿ. ಶ. ೨೦೦ರ ಸುಮಾರಿನಲ್ಲಿ ಒಂದುಗೂಡಿಸಿದನು. ಆ ಸಂಗ್ರಹಕ್ಕೆ ಮಿಷ್ನಾ ಎಂದು ಹೆಸರು. ಆರು ವಿಭಾಗಗಳಲ್ಲಿ ಹಂಚಿರುವ ಅದರ ಅರುವತ್ತಮೂರು ಪ್ರಕರಣಗಳಲ್ಲಿ ಆವೋತ್ ಒಂದು.

ಈ ಪ್ರಕರಣವಿರುವ ಸ್ಥಳ ಗಮನಿಸತಕ್ಕದ್ದು. ಪ್ರಾರ್ಥನೆ, ಹಬ್ಬ, ದೇವಾಲಯಸೇವೆ ಇವುಗಳನ್ನು ಹೇಳುವ ವಿಭಾಗಗಳು ಬೇರೆಯಾಗಿವೆ. ಆವೋತ್ ಇರುವುದು ಅವುಗಳಲ್ಲಲ್ಲ. ನಷ್ಟಪರಿಹಾರ, ಸಾಲ, ಠೇವಣಿ, ನ್ಯಾಯಸ್ಥಾನ, ಸಾಕ್ಷಿ, ಶಿಕ್ಷೆ ಮೊದಲಾದುವನ್ನು ಕುರಿತ ವ್ಯವಹಾರವಿಭಾಗದಲ್ಲಿ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ ನಡುವೆ ನೀತಿಶತಕವೊಂದನ್ನು ತಂದಿಟ್ಟರೆ ಹೇಗೋ ಹಾಗೆ. ಮೊದಲ ಅಧ್ಯಾಯದಲ್ಲಿ ನ್ಯಾಯಾಧೀಶನು ಹೇಗಿರಬೇಕೆಂಬ ಉಪದೇಶ ಮತ್ತೆ ಮತ್ತೆ ಬರುತ್ತದೆ. ತೀರ್ಪು ಕೊಡುವುದರಲ್ಲಿ ಆತುರ ಕೂಡದು; ವಾದಿ ಪ್ರತಿವಾದಿಗಳಲ್ಲಿ ಯಾರ ವಕೀಲನೂ ತಾನಾಗಬಾರದು; ಸಾಕ್ಷಿಗಳನ್ನು ಪ್ರಶ್ನಿಸುವಾಗ ತನ್ನ ಮಾತಿನಿಂದಲೇ ಅವರು ಸುಳ್ಳನ್ನು ಕಲಿಯುವಂತಾಗಬಾರದು—ಇವು ಅಲ್ಲಿನ ವಿಚಾರಗಳು. ಆದುದರಿಂದ ಈ ಗ್ರಂಥದ ನೀತಿ ವನವಾಸಿಯ ನೀತಿಯಲ್ಲ. ಕೊಡುವ, ಕೊಳ್ಳುವ, ಜಗಳವಾಡುವ, ತೀರ್ಮಾನ ಹೇಳುವ ಜನರಿಗಾಗಿ ಹುಟ್ಟಿದ ನೀತಿಯೆಂಬುದು ಸ್ಪಷ್ಟವಾಗುತ್ತದೆ.

ಇನ್ನು ಅದರ ಪಾರಾಯಣಕಾಲ. ಯೆಹೂದ್ಯರ ಮಾಸ ಚಾಂದ್ರಮಾನದ್ದು, ವರ್ಷ ಸೌರಮಾನಕ್ಕೆ ಹೊಂದಿಸಿದ್ದು. ಹೀಗೆ ಹೊಂದಿಸಲು ಹತ್ತೊಂಬತ್ತು ವರ್ಷಗಳಲ್ಲಿ ಏಳು ಅಧಿಕಮಾಸಗಳನ್ನು ಸೇರಿಸುವರು. ಪಂಚಾಂಗವನ್ನು ಬಲ್ಲ ಮನೆಗಳಿಗೆ ಈ ಲೆಕ್ಕ ಹೊಸದಲ್ಲ. ನಿಸಾನ್ ಮಾಸದ ಪೌರ್ಣಮಿಯಲ್ಲಿ, ಎಂದರೆ ಪ್ರಾಯಿಕವಾಗಿ ನಮ್ಮ ಚೈತ್ರ ಪೌರ್ಣಮಿಯ ಸುಮಾರಿಗೆ, ಪಸ್ಕಹಬ್ಬ ಬರುತ್ತದೆ. ಈಜಿಪ್ಟಿನ ದಾಸ್ಯದಿಂದ ಪೂರ್ವಿಕರು ಬಿಡುಗಡೆಯಾದುದರ ಸ್ಮರಣೆ ಅದು. ಆ ಹಬ್ಬದ ಎರಡನೆಯ ರಾತ್ರಿಯಿಂದ ನಾಲ್ವತ್ತೊಂಬತ್ತು ದಿನಗಳನ್ನು ಒಂದೊಂದಾಗಿ ಬಾಯಿಬಿಟ್ಟು ಎಣಿಸಿ, ಐವತ್ತನೆಯ ದಿನ ವಾರಗಳ ಹಬ್ಬವನ್ನು ಆಚರಿಸುವರು. ಸೀನಾಯಿ ಬೆಟ್ಟದಲ್ಲಿ ಧರ್ಮಶಾಸ್ತ್ರ ದೊರೆತುದು ಆ ದಿನವೆಂದು ಅವರ ನಂಬಿಕೆ. ಈ ಎರಡು ಹಬ್ಬಗಳ ನಡುವೆ ಆರು ಸಬ್ಬತ್ ದಿನಗಳು ಬೀಳುವುವು. ಆವೋತಿನಲ್ಲಿ ಮೊದಲಿಗೆ ಇದ್ದುದು ಐದು ಅಧ್ಯಾಯ. ಆರನೆಯ ಸಬ್ಬತ್ತಿಗೆ ಓದಲು ವಿದ್ಯಾಪ್ರಶಂಸೆಯ ಅಧ್ಯಾಯವೊಂದು ಸೇರಿ ಗ್ರಂಥ ಆರು ಅಧ್ಯಾಯಗಳದಾಯಿತು. ಸಬ್ಬತ್ತಿನ ಅಪರಾಹ್ಣ ಪ್ರಾರ್ಥನೆಯಾದಮೇಲೆ ವಾರಕ್ಕೊಂದು ಅಧ್ಯಾಯದಂತೆ ಓದುವರು. ಬಾಬಿಲೋನಿಯದ ವಿದ್ಯಾಪೀಠದಲ್ಲಿ ಸಬ್ಬತ್ತಿನ ಅಪರಾಹ್ಣ ಇದನ್ನು ಓದುವ ರೂಢಿಯಿತ್ತೆಂಬುದು ಒಂಬತ್ತನೆಯ ಶತಮಾನದ ಅಮ್ರಾಮ್ ಆಚಾರ್ಯನ ಪ್ರಾರ್ಥನಾಪದ್ಧತಿಯಿಂದ ತಿಳಿಯುತ್ತದೆ. ಕೆಲವು ಸಮುದಾಯಗಳವರು ಆರು ವಾರಗಳಿಗೆ ನಿಲ್ಲಿಸುವರು. ಮತ್ತೆ ಕೆಲವರು ಅದನ್ನೇ ಮೊದಲಿನಿಂದ ಹಿಡಿದು ತಮ್ಮ ಹೊಸವರ್ಷದವರೆಗೂ, ಎಂದರೆ ನಮ್ಮ ನವರಾತ್ರಿಯ ಸುಮಾರಿನವರೆಗೂ, ಸುತ್ತು ಸುತ್ತಾಗಿ ಓದುತ್ತ ಹೋಗುವರು.

ವಸಂತವೂ ಬೇಸಗೆಯೂ ಏತಕ್ಕೆ ಗೊತ್ತಾದುವು ಎಂಬುದಕ್ಕೆ ವ್ಯಾಖ್ಯಾನಕಾರರು ಹಲವು ಕಾರಣಗಳನ್ನು ಕೊಟ್ಟಿದ್ದಾರೆ. ಶಾಸ್ತ್ರವನ್ನು ಸ್ವೀಕರಿಸುವ ದಿನಕ್ಕೆ ಮುಂಚೆ ಮನಸ್ಸನ್ನು ಹದಗೊಳಿಸಿಕೊಳ್ಳಬೇಕೆಂಬುದು ಒಂದು. ಋತು ಸುಖಕರವಾಗಿ ಕಾಮನೆಗಳು ಚಿಗುರುವ ಕಾಲದಲ್ಲಿ ಮನಸ್ಸಿಗೆ ಕಡಿವಾಣ ಬೇಕೆಂಬುದು ಮತ್ತೊಂದು. ಬೇಸಗೆಯ ಹಗಲು ದೀರ್ಘವಾದುದರಿಂದ ಸಬ್ಬತ್ತಿನ ಅಪರಾಹ್ಣದಲ್ಲಿ ಹೊತ್ತು ಮಿಗುವುದೆಂಬುದೂ ಸಹಜವಾದುದೇ. ಇವಲ್ಲದೆ ಮತ್ತೊಂದು ಸಂಗತಿಯೂ ಮನಸ್ಸಿಗೆ ತೋರುತ್ತದೆ. ಪ್ಯಾಲಸ್ತೀನದಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಆದುದರಿಂದ ಅಲ್ಲಿ ಪಸ್ಕಹಬ್ಬದ ಹೊತ್ತಿಗೆ ಜವೆಗೋಧಿಯ ಕೊಯ್ಲು, ವಾರಗಳ ಹಬ್ಬದ ಹೊತ್ತಿಗೆ ಗೋಧಿಯ ಕೊಯ್ಲು. ಲಕ್ಕೂರಿನ ಬೇಸಾಯಗಾರನಿಗೆ ಬಿಡುವಾದ ತಿಂಗಳುಗಳು ಅಲ್ಲಿನವನಿಗೆ ಸುಗ್ಗಿಯ ತಿಂಗಳುಗಳು. ಕಣಜ ತುಂಬುವಾಗ, ಕೂಲಿಯವನ ಲೆಕ್ಕ ತೀರಿಸುವಾಗ, ಸಾಲಗಾರನು ಬಾಗಿಲಲ್ಲಿ ನಿಂತಿರುವಾಗ ನೀತಿ ಬೇಕಾಗುತ್ತದೆ. ವ್ಯವಹಾರವಿಭಾಗದ ನೀತಿಗ್ರಂಥವು ಕೊಯ್ಲಿನ ಕಾಲದಲ್ಲಿಯೇ ಕಿವಿಗೆ ಬೀಳುವುದು ಎಷ್ಟು ಉಚಿತವೆಂಬುದನ್ನು ಹೇಳಬೇಕಾಗಿಲ್ಲ.

ಗ್ರಂಥದ ಆರಂಭ ಗುರುಪರಂಪರೆಯಿಂದ. ಮೋಶೆಯು ಸೀನಾಯಿಯಲ್ಲಿ ಪಡೆದ ವಿದ್ಯೆ ಯೆಹೋಶುವನಿಗೂ, ಅವನಿಂದ ಹಿರಿಯರಿಗೂ, ಅವರಿಂದ ಪ್ರವಾದಿಗಳಿಗೂ, ಅವರಿಂದ ಮಹಾಸಭೆಯವರಿಗೂ ಸಂದಿತೆಂದು ಹೇಳಿ, ಆಮೇಲೆ ಒಬ್ಬೊಬ್ಬ ಆಚಾರ್ಯನ ಹೆಸರನ್ನೂ ಅವನ ಮುಖ್ಯೋಪದೇಶವನ್ನೂ ಹೇಳುತ್ತದೆ. ಬೃಹದಾರಣ್ಯಕೋಪನಿಷತ್ತಿನ ವಂಶಬ್ರಾಹ್ಮಣವನ್ನು ಬಲ್ಲವರಿಗೆ ಈ ಕ್ರಮದ ಗೌರವ ತಿಳಿದೀತು. ಆದರೆ ಒಂದು ಭೇದವುಂಟು. ವಂಶಬ್ರಾಹ್ಮಣದಲ್ಲಿ ಹೆಸರುಗಳು ಮಾತ್ರ ಉಳಿದಿವೆ. ಇಲ್ಲಿ ಪ್ರತಿಯೊಬ್ಬನೂ ತನ್ನದಾದ ಒಂದು ಮಾತನ್ನು ಸೇರಿಸಿಯೇ ವಿದ್ಯೆಯನ್ನು ಮುಂದಿನವನಿಗೆ ಒಪ್ಪಿಸಿದ್ದಾನೆ. ಸೋಖೋ ಊರಿನ ಆಂತಿಗೋನಸನು ಪ್ರತಿಫಲವನ್ನು ಬಯಸದೆ ಸೇವೆ ಮಾಡಬೇಕೆಂದನು. ಗೀತೆಯನ್ನು ಓದಿದವರಿಗೆ ಇದರ ವಿವರಣೆ ಬೇಕಿಲ್ಲ. ಹಿಲ್ಲೇಲನು ಮತ್ತೊಬ್ಬನ ಸ್ಥಾನದಲ್ಲಿ ತಾನು ನಿಲ್ಲುವವರೆಗೆ ಅವನನ್ನು ಕುರಿತು ತೀರ್ಪು ಹೇಳಲಾಗದೆಂದನು. ಬೆನ್ ಜೋಮಾ ಎಂಬವನು ಎಲ್ಲರಿಂದಲೂ ಕಲಿಯುವವನೇ ಜ್ಞಾನಿಯೆಂದೂ ತನಗೆ ಬಂದ ಪಾಲಿನಲ್ಲಿ ಸಂತೋಷಪಡುವವನೇ ಧನಿಕನೆಂದೂ ತಿಳಿಸಿದನು. ಪರಂಪರೆಯನ್ನೇ ತೊರೆದುಹೋದ ಎಲಿಷಾ ಬೆನ್ ಅಬೂಯನೆಂಬ ಪಂಡಿತನ ಮಾತಿಗೂ ಗ್ರಂಥದಲ್ಲಿ ಎಡೆಯುಂಟು. ಎಳೆಯ ವಯಸ್ಸಿನ ಕಲಿಕೆಯನ್ನು ಹೊಸ ಹಾಳೆಯ ಮೇಲಣ ಮಸಿಗೆ ಹೋಲಿಸಿದವನು ಅವನು. ಆಡಿದವನನ್ನು ಬಿಟ್ಟರೂ ಆಡಿದ ಒಳ್ಳೆಯ ಮಾತನ್ನು ಬಿಡಲಿಲ್ಲವೆಂಬುದು ಆ ಸಂಗ್ರಾಹಕರ ದೊಡ್ಡತನ.

ಈ ಆಚಾರ್ಯರಲ್ಲಿ ಹಲವರು ಕೈಕೆಲಸದಿಂದ ಬದುಕಿದವರು. ಯೋಹಾನಾನನೆಂಬವನಿಗೆ ಚಪ್ಪಲಿ ಹೊಲಿಯುವವನೆಂಬ ಅಡ್ಡಹೆಸರು ಗ್ರಂಥದಲ್ಲಿಯೇ ಇದೆ. ಯೆಹೋಶುವನೆಂಬ ಇನ್ನೊಬ್ಬ ಆಚಾರ್ಯನು ಇದ್ದಿಲು ಮಸಿಯ ಗೋಡೆಗಳ ನಡುವೆ ಬಾಳಿದವನು. ಹಿಲ್ಲೇಲನು ದಿನಗೂಲಿಯಿಂದ ಅರ್ಧವನ್ನು ಪಾಠಶಾಲೆಯ ಬಾಗಿಲು ಕಾಯುವವನಿಗೆ ಕೊಟ್ಟು ಪಾಠ ಕೇಳುತ್ತಿದ್ದನೆಂದು ತಾಲ್ಮುದ್ ಹೇಳುತ್ತದೆ. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಡೋಹರ ಕಕ್ಕಯ್ಯ ಎಂದು ಕಾಯಕವನ್ನು ಹೆಸರಿನ ಮುಂದೆಯೇ ಧರಿಸಿದ ಶರಣರನ್ನು ಪೂಜಿಸುವ ಕನ್ನಡನಾಡಿಗೆ ಇಂಥ ಆಚಾರ್ಯರು ದೂರದವರಾಗಿ ತೋರಲಾರರು.

ಐದನೆಯ ಅಧ್ಯಾಯದಲ್ಲಿ ಶಿಷ್ಯರನ್ನು ನಾಲ್ಕು ಬಗೆಯಾಗಿ ವಿಭಾಗಿಸಿದೆ. ಎಲ್ಲವನ್ನೂ ಹೀರುವವನು ಸ್ಪಂಜಿನಂತೆ. ಒಂದು ಕಡೆ ತುಂಬಿ ಇನ್ನೊಂದು ಕಡೆ ಸುರಿಯುವವನು ಆಲಿಕೆಯಂತೆ. ದ್ರಾಕ್ಷಾರಸವನ್ನು ಬಿಟ್ಟು ಚರಟವನ್ನು ಹಿಡಿಯುವವನು ಸೋಸುವ ಬಟ್ಟೆಯಂತೆ. ನುಚ್ಚುಪುಡಿಯನ್ನು ಬಿಟ್ಟು ಒಳ್ಳೆಯ ಹಿಟ್ಟನ್ನು ಹಿಡಿಯುವವನು ಜರಡಿಯಂತೆ. ಇದನ್ನು ಓದಿದೊಡನೆ ರಾಷ್ಟ್ರಕೂಟರ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಜಿನಸೇನಾಚಾರ್ಯರು ಬರೆದ ಸಂಸ್ಕೃತ ಆದಿಪುರಾಣದ ನೆನಪು ಬರುತ್ತದೆ. ಪುರಾಣವನ್ನು ಕೇಳುವವರಲ್ಲಿ ಮಣ್ಣಿನಂಥವರು, ಜರಡಿಯಂಥವರು, ಗಿಳಿಯಂಥವರು, ಹಂಸದಂಥವರು, ಎಮ್ಮೆಯಂಥವರು, ಒಡಕುಕೊಡದಂಥವರು ಎಂದು ಅವರು ಹದಿನಾಲ್ಕು ಬಗೆಗಳನ್ನು ಎಣಿಸಿದ್ದಾರೆ. ನಮ್ಮಲ್ಲಿ ಜರಡಿ ಸಾರವನ್ನು ಕೆಳಕ್ಕೆ ಬಿಟ್ಟು ತೌಡನ್ನು ಉಳಿಸಿಕೊಳ್ಳುವ ಕೆಟ್ಟ ಶ್ರೋತೃ. ಅವರಲ್ಲಿ ಜರಡಿ ಉತ್ತಮಶಿಷ್ಯ. ಉಪಕರಣ ಒಂದೇ ಆದರೂ ನೋಡಿದ ಕಣ್ಣು ಬೇರೆ. ಕೇಳುವವನಿಗೆ ಪರೀಕ್ಷೆಯುಂಟೆಂಬುದರಲ್ಲಿ ಮಾತ್ರ ಇಬ್ಬರಿಗೂ ಒಂದೇ ಮತ.

ಇಂಥ ನೀತಿಯನ್ನು ವರ್ಷ ವರ್ಷವೂ ಓದಿದ ಜನರ ನಡತೆ ಹೇಗಿದ್ದಿತು? ಇದಕ್ಕೆ ಉತ್ತರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಮಂಗಳೂರಿಗೆ ಹೋದರೆ ಸಾಕು. ಆಗ ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಚೋಳರಿಂದ ಗೆದ್ದು, ರಾಜ್ಯದ ಮೂಡಣ ಎಲ್ಲೆಯನ್ನು ಮುಳಬಾಗಿಲು ಸೀಮೆಯ ನಂಗಲಿಯವರೆಗೆ ಚಾಚಿದ್ದನು. ಕಲ್ಯಾಣದಲ್ಲಿ ಬಸವಣ್ಣನವರ ಕಾಲ ಸಮೀಪಿಸುತ್ತಿತ್ತು. ತುಳುನಾಡನ್ನು ಆಳುಪರು ಆಳುತ್ತಿದ್ದರು. ಆ ಕಾಲದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ಮಂಗಳೂರಿನಲ್ಲಿ ೧೧೩೨ರ ವೇಳೆಗೆ ನೆಲಸಿದ್ದು, ೧೧೪೯ರವರೆಗೆ ಬಹುಮಟ್ಟಿಗೆ ಈ ಕರಾವಳಿಯಲ್ಲಿಯೇ ಬಾಳಿದನು. ಆಫ್ರಿಕದ ಉತ್ತರತೀರದ ಮಹ್ದಿಯಾ ಅವನ ಹುಟ್ಟೂರು, ತಂದೆ ವಿದ್ವಾಂಸ. ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳನ್ನು ಅವನು ಏಡನ್ ಪಟ್ಟಣಕ್ಕೆ ಕಳುಹಿಸುತ್ತಿದ್ದನು. ಅಲ್ಲಿಂದ ಬಂದ ಹಳೆಯ ತಾಮ್ರ ಹಿತ್ತಾಳೆಗಳನ್ನು ಕರಗಿಸಿ ಹೊಸ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆಯೂ ಅವನದಿತ್ತು. ವ್ಯಾಪಾರದ ನಡುವೆಯೂ ಅವನು ಇಬ್ರಿಯದಲ್ಲಿ ಪದ್ಯಗಳನ್ನು ಕಟ್ಟಿದನು. ಧರ್ಮನಿರ್ಣಯಗಳನ್ನು ಸ್ವಹಸ್ತದಿಂದ ನಕಲು ಮಾಡಿಕೊಂಡನು. ಕಾಗದ ಇಲ್ಲಿ ದುರ್ಲಭವಾದುದರಿಂದ ಏಡನ್ನಿನ ಸ್ನೇಹಿತರು ಸಕ್ಕರೆ, ಒಣದ್ರಾಕ್ಷಿಗಳೊಡನೆ ಕಾಗದವನ್ನೂ ಕಳುಹಿಸುತ್ತಿದ್ದರು. ಬಂದ ಪತ್ರಗಳ ಹಿಂಬದಿಯಲ್ಲಿಯೇ ಅವನು ಲೆಕ್ಕಗಳನ್ನು ಬರೆದಿಟ್ಟಿದ್ದಾನೆ.

ಈ ಕಾಗದಗಳು ಉಳಿದುದೇ ಒಂದು ನೀತಿಯ ಫಲ. ದೇವರ ಹೆಸರಿರುವ ಬರಹವನ್ನು ನಾಶಮಾಡಬಾರದೆಂದು ಯೆಹೂದ್ಯರು ಸವೆದ ಕಾಗದಗಳನ್ನು ಸಭಾಮಂದಿರದ ಒಂದು ಕೋಣೆಯಲ್ಲಿ ಹಾಕಿಡುತ್ತಿದ್ದರು. ಹಳೆಯ ಕೈರೋ ಎನಿಸಿದ ಫುಸ್ತಾತಿನ ಬೆನ್ ಎಜ್ರ ಮಂದಿರದಲ್ಲಿದ್ದ ಅಂಥ ರಾಶಿಯ ಬಹುಭಾಗವನ್ನು ಸಾಲೊಮನ್ ಷೆಕ್ಟರ್ ಎಂಬ ಪಂಡಿತನು ೧೮೯೬–೯೭ರಲ್ಲಿ ಕೇಂಬ್ರಿಡ್ಜಿಗೆ ಸಾಗಿಸಿದನು. ಅದರಲ್ಲಿ ಬೆನ್ ಯಿಜುವಿನ ಪತ್ರಗಳನ್ನು ಗೊಯಿಟೈನ್ ಎಂಬ ವಿದ್ವಾಂಸನು ದಶಕಗಳ ಕಾಲ ಶೋಧಿಸಿದನು; ಅವನ ಸಂಗ್ರಹವನ್ನು ಫ್ರೀಡ್‌ಮನ್ ಪೂರ್ತಿಗೊಳಿಸಿ ೨೦೦೮ರಲ್ಲಿ ಪ್ರಕಟಪಡಿಸಿದನು. ಅಮಿತಾವ ಘೋಷರು ೧೯೯೨ರ ತಮ್ಮ ಗ್ರಂಥದಲ್ಲಿ ಈ ವರ್ತಕನ ಕಥೆಯನ್ನು ಜನಸಾಮಾನ್ಯರಿಗೂ ತಿಳಿಯುವಂತೆ ಮಾಡಿದರು.

ಆ ಪತ್ರಗಳಲ್ಲಿ ಅತ್ಯಂತ ಮುಖ್ಯವಾದುದು ೧೧೩೨ನೆಯ ಇಸವಿ ಅಕ್ಟೋಬರ್ ೧೭ರ ತಾರೀಖಿನ ಒಂದು ಬಿಡುಗಡೆಯ ಪತ್ರ. ಮಂಗಳೂರಿನಲ್ಲಿ ಬರೆದ ಆ ಪತ್ರದಿಂದ ಬೆನ್ ಯಿಜು ತನ್ನ ದಾಸಿಯಾದ ಆಶು ಎಂಬವಳನ್ನು ದಾಸ್ಯದಿಂದ ಬಿಡಿಸಿದನು. ಅವಳನ್ನೇ ಅವನು ಮದುವೆಯಾಗಿ ಮಕ್ಕಳನ್ನು ಪಡೆದನೆಂದು ವಿದ್ವಾಂಸರ ಅಭಿಪ್ರಾಯ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದುದನ್ನು ವರ್ಷವರ್ಷವೂ ನೆನೆಯುವ ಜನರೂ ದಾಸದಾಸಿಯರನ್ನು ಕೊಂಡರೆಂಬುದನ್ನು ಮರೆಮಾಚಬೇಕಾದುದಿಲ್ಲ. ಆ ಕಾಲದಲ್ಲಿ ದಾಸ್ಯ ಎಲ್ಲ ದೇಶಗಳಲ್ಲಿಯೂ ಇತ್ತು; ದಾಸರು ಎಷ್ಟು ಬಗೆಯೆಂದು ನಮ್ಮ ಸ್ಮೃತಿಗಳೂ ಪಟ್ಟಿಮಾಡಿವೆ. ಹಿಲ್ಲೇಲನ ಉಪದೇಶದಂತೆ, ಆ ವರ್ತಕನ ಸ್ಥಾನದಲ್ಲಿ ನಿಲ್ಲದ ಇತಿಹಾಸಕಾರನು ಅವನನ್ನು ಕುರಿತು ತೀರ್ಪು ಹೇಳಲು ಆತುರಪಡಲಾರನು; ಆದರೆ ಆಶುವಿನ ಸ್ಥಾನದಲ್ಲಿಯೂ ಅವನು ನಿಂತು ನೋಡಬೇಕೆಂಬುದು ಅದೇ ಉಪದೇಶದ ಇನ್ನೊಂದು ಮುಖ. ಅವಳ ಕೈಬರಹದ ಒಂದು ಸಾಲೂ ಉಳಿದಿಲ್ಲ. ಗಂಡನ ಕಾಗದಗಳಲ್ಲಿ ಉಳಿದುದು ಅವಳ ಹೆಸರೂ ಬಿಡುಗಡೆಯೂ ಮಾತ್ರ. ಒಡೆತನವನ್ನು ಬಿಡಲು ಬರಹದ ಮೂಲಕ ಒಪ್ಪಿದುದು ಗ್ರಂಥದ ನೀತಿ ವ್ಯವಹಾರಕ್ಕೆ ಇಳಿದ ಒಂದು ಗಳಿಗೆ. ಅದಕ್ಕಿಂತ ಹೆಚ್ಚೂ ಅಲ್ಲ, ಕಡಮೆಯೂ ಅಲ್ಲ.

ಅವನ ಬಳಿಯಲ್ಲಿ ಬೊಮ್ಮನೆಂಬ ಮತ್ತೊಬ್ಬ ದಾಸನಿದ್ದನು. ಹೆಸರು ನಮ್ಮ ನಾಡಿನದೇ. ದಾಸನೆಂದರೆ ಆ ವರ್ತಕರಲ್ಲಿ ಅನೇಕ ವೇಳೆ ನಂಬಿಕೆಯ ಗುಮಾಸ್ತನೆಂದೇ ಅರ್ಥ. ಬೊಮ್ಮನು ಯಜಮಾನನ ಪರವಾಗಿ ಏಡನ್ನಿಗೆ ಹೋಗಿ ಸರಕನ್ನೂ ಹಣವನ್ನೂ ನೋಡಿಕೊಂಡವನು. ೧೧೪೮ರಲ್ಲಿ ಏಡನ್ನಿನ ಖಲಫ್ ಎಂಬ ವರ್ತಕನು ಬೆನ್ ಯಿಜುವಿಗೆ ಬರೆದ ಪತ್ರದಲ್ಲಿ ಬೊಮ್ಮನಿಗೂ ಹೆಸರೆತ್ತಿ ವಿಶೇಷವಾಗಿ ಕುಶಲ ಕೇಳಿದ್ದಾನೆ. ಏಲಕ್ಕಿಗೆಂದು ಮುಂಗಡ ಪಡೆದ ಸ್ಥಳೀಯ ವ್ಯಾಪಾರಿಯೊಬ್ಬನು ಸರಕು ಕೊಡದೆ ಹೋದುದರಿಂದ ಏಡನ್ನಿನ ಪಾಲುಗಾರರು ಬೇಸರಗೊಂಡ ಸಂಗತಿಯೂ ಪತ್ರಗಳಲ್ಲಿದೆ. ಕೋಪವಿದ್ದರೂ ಸ್ನೇಹ ಮುರಿಯಲಿಲ್ಲ. ಮುಂದಿನ ವರ್ಷಗಳಲ್ಲಿಯೂ ಸರಕು, ಕಾಗದ, ಕಾಣಿಕೆಗಳು ಬರುತ್ತಲೇ ಇದ್ದುವು. ಲಿಖಿತಪ್ರಮಾಣಕ್ಕಿಂತ ಮಾತಿನ ಮೇಲೆ ನಿಂತ ಆ ದೂರವ್ಯಾಪಾರದಲ್ಲಿ ನೀತಿಯೇ ಮೂಲಧನವಾಗಿತ್ತೆನ್ನಬಹುದು.

ಅವನ ಕೊನೆಯ ಪರೀಕ್ಷೆ ಬಂಧುಗಳ ವಿಷಯದ್ದು. ೧೧೪೮ರಲ್ಲಿ ಸಿಸಿಲಿಯ ನಾರ್ಮನ್ನರು ಮಹ್ದಿಯಾವನ್ನು ವಶಪಡಿಸಿಕೊಂಡರು. ಅವನ ಅಣ್ಣತಮ್ಮಂದಿರೂ ತಂಗಿಯೂ ಸಿಸಿಲಿಗೆ ಹೋಗಿ ಬಡತನಕ್ಕೆ ಸಿಕ್ಕಿದರು. ೧೧೪೯ರಲ್ಲಿ ಏಡನ್ನಿಗೆ ಮರಳಿದೊಡನೆ ಅವನು ಅವರಿಗೆ ಪತ್ರ ಬರೆದು, ಎಲ್ಲರೂ ಬಾಳುವಷ್ಟು ಸಂಪತ್ತು ತನ್ನಲ್ಲಿದೆಯೆಂದೂ ತನ್ನ ಬಳಿಗೆ ಬರಬೇಕೆಂದೂ ಕರೆದನು. ಒಬ್ಬ ತಮ್ಮನು ಅವನ ಹಣಕ್ಕೇ ಮೋಸಮಾಡಿದನು. ಗಂಡುಮಕ್ಕಳಿಬ್ಬರನ್ನೂ ಅವನು ಕಳೆದುಕೊಂಡನು. ಉಳಿದ ಒಬ್ಬಳೇ ಮಗಳನ್ನು ಏಡನ್ನಿನ ಧನಿಕನೊಬ್ಬನು ತನ್ನ ಮಗನಿಗೆ ಕೇಳಿದರೂ ಕೊಡದೆ, ಕಾಣದ ಸಿಸಿಲಿಯಲ್ಲಿದ್ದ ಬಡ ಅಣ್ಣತಮ್ಮಂದಿರ ಮಗನಿಗೇ ಕೊಡುವುದೆಂದು ನಿಶ್ಚಯಿಸಿದನು. ಹುಡುಗನು ಓದಿದವನೆಂದು ಕೇಳಿದುದೇ ಅವನಿಗೆ ಸಾಕಾಗಿತ್ತು. ಮದುವೆ ೧೧೫೬ರಲ್ಲಿ ಫುಸ್ತಾತಿನಲ್ಲಿ ನಡೆಯಿತು. ಅಳಿಯನು ಮುಂದೆ ಈಜಿಪ್ಟಿನ ಒಂದು ಊರಿನಲ್ಲಿ ನ್ಯಾಯಾಧೀಶನಾದನು. ಮಂಗಳೂರಿನ ಮೆಣಸಿನಿಂದ ಬಂದ ಹಣ ಒಂದು ವಿದ್ವತ್ಕುಲವನ್ನು ಉಳಿಸಿತು.

ಅದೇ ಫುಸ್ತಾತಿಗೆ ಸ್ವಲ್ಪಕಾಲದಲ್ಲಿ ಮತ್ತೊಬ್ಬ ದೊಡ್ಡವನು ಬಂದು ನೆಲಸಿದನು. ಸ್ಪೇನಿನ ಕಾರ್ಡೋವದಲ್ಲಿ ಹುಟ್ಟಿದ ಮೋಶೆ ಬೆನ್ ಮೈಮೋನ್ ಆ ಮಹಾಪಂಡಿತ. ಮಿಷ್ನಾಕ್ಕೆ ಅರಬ್ಬೀ ಭಾಷೆಯಲ್ಲಿ ಬರೆದ ವ್ಯಾಖ್ಯಾನವನ್ನು ಅವನು ೧೧೬೮ರಲ್ಲಿ ಮುಗಿಸಿದನು. ಆವೋತಿಗೆ ಪೀಠಿಕೆಯಾಗಿ ಅವನು ಬರೆದ ಎಂಟು ಅಧ್ಯಾಯಗಳು ಸ್ವತಂತ್ರಗ್ರಂಥದಂತೆ ಪ್ರಸಿದ್ಧವಾಗಿವೆ. ಎರಡು ತುದಿಗಳನ್ನೂ ಬಿಟ್ಟು ನಡುದಾರಿಯಲ್ಲಿ ನಡೆಯುವುದೇ ಸದ್ಗುಣವೆಂಬುದು ಅವುಗಳ ಸಾರ. ವಿದ್ಯೆಯನ್ನು ಅಗೆಯುವ ಗುದ್ದಲಿಯಾಗಿ ಮಾಡಿಕೊಳ್ಳಬಾರದೆಂಬ ಆವೋತಿನ ಮಾತಿಗೆ ಅವನು ಉಗ್ರವಾದ ಟೀಕೆ ಬರೆದು, ಶಾಸ್ತ್ರ ಹೇಳಿ ಜೀವನಕ್ಕೆ ಹಣ ಪಡೆಯುವವರನ್ನು ಖಂಡಿಸಿದನು. ಸಂಬಳಕ್ಕೆ ಪಾಠ ಹೇಳುವ ಭೃತಕಾಧ್ಯಾಪಕನನ್ನು ಶ್ರಾದ್ಧದ ಪಂಕ್ತಿಯಿಂದ ಹೊರಗಿಟ್ಟ ಮನುವಿಗೂ ಇದೇ ಅಭಿಪ್ರಾಯ. ಆದರೆ ಖಂಡಿಸುವುದು ಸುಲಭ. ಈ ವ್ಯಾಖ್ಯಾನ ಬರೆಯುವ ಕಾಲದಲ್ಲಿ ಮೈಮೋನನ ಮನೆಯನ್ನು ನಡೆಸುತ್ತಿದ್ದವನು ವ್ಯಾಪಾರಿಯಾಗಿದ್ದ ಅವನ ತಮ್ಮ ದಾವೀದ.

ಆ ದಾವೀದನು ಸರಕು ತರಲು ಭಾರತಕ್ಕೆ ಹೊರಟನು. ಕೆಂಪುಸಮುದ್ರದ ಐಧಾಬ್ ಬಂದರಿನಿಂದ ಅಣ್ಣನಿಗೆ ಅವನು ಬರೆದ ಪತ್ರ ಇಂದಿಗೂ ಉಳಿದಿದೆ. ಹಿಂದೂಮಹಾಸಾಗರದಲ್ಲಿ ಹಡಗು ಮುಳುಗಿ ಅವನು ತೀರಿಕೊಂಡನು. ತನ್ನ ಹಣವೂ ಅಣ್ಣನ ಹಣವೂ ಇತರರ ಹಣವೂ ಅವನೊಡನೆ ಮುಳುಗಿದುವು. ಅಣ್ಣನು ಸುಮಾರು ಒಂದು ವರ್ಷ ಹಾಸಿಗೆ ಹಿಡಿದನು. ತಮ್ಮನ ಕೈಬರಹವನ್ನು ಕಂಡಾಗಲೆಲ್ಲ ದುಃಖ ಉಕ್ಕುವುದೆಂದು ಎಷ್ಟೋ ವರ್ಷಗಳಾದಮೇಲೂ ಅವನು ಒಬ್ಬ ಸ್ನೇಹಿತನಿಗೆ ಬರೆದಿದ್ದಾನೆ. ಈಗ ತನ್ನ ಟೀಕೆಯ ಮಾತೇ ಅವನ ಮುಂದೆ ನಿಂತಿತು. ವಿದ್ಯೆಯಿಂದ ಹಣ ಪಡೆಯಲು ಒಪ್ಪಿದ್ದರೆ ಕೊಡುವವರು ಇಲ್ಲದಿರಲಿಲ್ಲ. ಅವನು ವೈದ್ಯವೃತ್ತಿಯನ್ನು ಹಿಡಿದು, ೧೨೦೪ರಲ್ಲಿ ಸಾಯುವವರೆಗೆ ಅದರಲ್ಲಿ ದುಡಿದನು. ಆಸ್ಥಾನದಿಂದ ಬಳಲಿ ಬಂದರೆ ಮನೆಯ ಮುಂದೆ ರೋಗಿಗಳು ಕಾಯುತ್ತಿದ್ದರು; ಶಾಸ್ತ್ರಪಾಠಕ್ಕೆ ಸಬ್ಬತ್ತಿನ ದಿನವೇ ಬರಬೇಕಾಗಿತ್ತು. ನೀತಿಯನ್ನು ವ್ಯಾಖ್ಯಾನಿಸಿದವನು ಅದನ್ನು ಆಚರಿಸಿಯೂ ತೋರಿದನೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಅಪರೂಪ.

ಯೆಹೂದ್ಯರ ಸಂಬಂಧ ನಮ್ಮ ನಾಡಿಗೆ ಅಲ್ಲಿಗೇ ಮುಗಿಯಲಿಲ್ಲ. ಕೊಚ್ಚಿಯಲ್ಲಿ ಅವರು ೧೫೬೮ರಲ್ಲಿ ಕಟ್ಟಿದ ಸಭಾಮಂದಿರ ಇಂದಿಗೂ ನಿಂತಿದೆ. ಕೊಂಕಣದಲ್ಲಿ ಬೆನೆ ಇಸ್ರಾಯೇಲರೆಂಬವರು ಮರಾಠಿಯನ್ನೇ ಮನೆಮಾತಾಗಿ ಮಾಡಿಕೊಂಡರು. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಬಳಿ ೧೯೦೪ರಿಂದ ಅವರದೊಂದು ಸ್ಮಶಾನಭೂಮಿಯುಂಟು. ೧೯೪೮ರಲ್ಲಿ ಇಸ್ರಾಯೇಲ್ ರಾಷ್ಟ್ರ ಸ್ಥಾಪಿತವಾದಮೇಲೆ ಭಾರತದ ಯೆಹೂದ್ಯರಲ್ಲಿ ಹೆಚ್ಚಿನವರು ಅಲ್ಲಿಗೆ ಹೊರಟುಹೋದರು. ಮೂಲವು ಇಬ್ರಿಯದಲ್ಲಿದ್ದರೂ ಅದರ ಅರ್ಥವನ್ನು ಒಂದೊಂದು ನಾಡಿನಲ್ಲಿ ಒಂದೊಂದು ನುಡಿಯಲ್ಲಿ ಹೇಳಿಕೊಂಡು ಬಂದುದು ಅವರ ಪದ್ಧತಿ. ಲಕ್ಕೂರಿನ ಕಡೆಯವರಿಗೆ ಇದು ಹೊಸದಾಗಿ ತೋರಲಾರದು. ತಮಿಳುನಾಡಿನ ಗಡಿಗೆ ಸಮೀಪವಾದ ಆ ಪ್ರದೇಶದಲ್ಲಿ ಕನ್ನಡದ ಜೊತೆಗೆ ತೆಲುಗೂ ತಮಿಳೂ ಮನೆಗಳಲ್ಲಿ ನಡೆಯುವುವು. ಸಂಸ್ಕೃತಶ್ಲೋಕಕ್ಕೋ ಹಳಗನ್ನಡಪದ್ಯಕ್ಕೋ ಜಗಲಿಯ ಮೇಲೆ ಹೇಳುವ ಅರ್ಥ ಕೇಳುವವರ ಮನೆಮಾತಿಗೆ ತಿರುಗಿಕೊಳ್ಳುತ್ತದೆ.

ನಮ್ಮಲ್ಲಿಯೂ ನೀತಿಗ್ರಂಥಗಳಿಗೆ ಬಡತನವಿಲ್ಲ. ತೈತ್ತಿರೀಯದ ಶಿಕ್ಷಾವಲ್ಲಿಯಲ್ಲಿ ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರು ಹೇಳುವ ಬುದ್ಧಿವಾದವುಂಟು, ವಿದುರನೀತಿಯುಂಟು, ಸೋಮೇಶ್ವರಶತಕವೂ ಸರ್ವಜ್ಞನ ತ್ರಿಪದಿಗಳೂ ಅನೇಕರಿಗೆ ಬಾಲ್ಯದಲ್ಲಿ ಕಂಠಪಾಠವಾಗಿದ್ದುವು. ಕೊರತೆ ಗ್ರಂಥದ್ದಲ್ಲ, ದಿನದ್ದು. ಬಾಲ್ಯದಲ್ಲಿ ಕಂಠಪಾಠವಾದುದು ಗೃಹಸ್ಥನಾದಮೇಲೆ ಬಾಯಿಗೆ ಬರುವುದು ಗಾದೆಯಂತೆ, ಮಾತಿಗೆ ಬೆಡಗು ಕೊಡಲು ಮಾತ್ರ. ಆವೋತಿನ ಕ್ರಮ ಬೇರೆ. ಹದಿಮೂರರ ಹುಡುಗನೂ ಎಪ್ಪತ್ತರ ಮುದುಕನೂ ಒಂದೇ ಅಪರಾಹ್ಣದಲ್ಲಿ ಒಂದೇ ಅಧ್ಯಾಯವನ್ನು ಓದುವರು. ಕಳೆದ ವರ್ಷ ಇದೇ ಅಧ್ಯಾಯವನ್ನು ಓದಿದಂದಿನಿಂದ ತಾನು ಮಾಡಿದುದೇನೆಂದು ಪ್ರತಿಯೊಬ್ಬನಿಗೂ ನೆನಪಾಗದೆ ಇರದು. ಹುಡುಗನಿಗೆ ಅದು ಪಾಠ. ಮುದುಕನಿಗೆ ಅದು ಲೆಕ್ಕಪರಿಶೋಧನೆ.

ನಮ್ಮ ಪಾರಾಯಣಗಳಲ್ಲಿ ಫಲಶ್ರುತಿ ಕೊನೆಯಲ್ಲಿ ಬರುತ್ತದೆ. ಆವೋತಿನ ಪಾರಾಯಣದಲ್ಲಿ ಅದು ಪ್ರತಿ ಅಧ್ಯಾಯಕ್ಕೂ ಮೊದಲೇ ಬರುವುದು. ಇಸ್ರಾಯೇಲರೆಲ್ಲರಿಗೂ ಪರಲೋಕದಲ್ಲಿ ಪಾಲುಂಟೆಂಬ ಮಿಷ್ನಾದ ಬೇರೊಂದು ಪ್ರಕರಣದ ಅಭಯವನ್ನು ಮೊದಲು ಓದಿ, ಆಮೇಲೆ ಅಧ್ಯಾಯವನ್ನು ಆರಂಭಿಸುವರು. ಫಲವನ್ನು ಆಗಲೇ ಕೊಟ್ಟಾಗಿದೆ. ಇನ್ನು ಓದುವುದು ನಡತೆಗಾಗಿ ಎಂದು ಇದರ ಭಾವವಿರಬಹುದು. ಆರನೆಯ ಸಬ್ಬತ್ತು ಕಳೆದು ವಾರಗಳ ಹಬ್ಬವಾದಮೇಲೆ, ಬೇಸಗೆಯುದ್ದಕ್ಕೂ ಓದುವ ಮನೆಗಳಲ್ಲಿ ಮೊದಲನೆಯ ಅಧ್ಯಾಯವನ್ನು ಮತ್ತೆ ತೆರೆಯುವರು. ಹೊಸವರ್ಷ ಬರುವುದರೊಳಗೆ ಸುತ್ತು ಪೂರ್ತಿಯಾಗುವಂತೆ ಕೊನೆಯ ವಾರಗಳಲ್ಲಿ ಎರಡೆರಡು ಅಧ್ಯಾಯಗಳನ್ನು ಕೂಡಿಸಿ ಓದುವರು. ಹೀಗೆ ಒಂದು ಬೇಸಗೆಯಲ್ಲಿ ಸುಮಾರು ನಾಲ್ಕು ಸಲ ಆ ಸಣ್ಣ ಗ್ರಂಥ ಮುಗಿಯುತ್ತದೆ. ಬರುವ ಚೈತ್ರಕ್ಕೆ ಮತ್ತೆ ಮೊದಲಾಗುತ್ತದೆ.